ಎರಡನೇ ಕೋಟು

ಸಂಜೆ ಐದಾಗದೆ ಸ್ಪ್ರೇ ಹಿಡಿಯಬೇಡ,
ಅಜ್ಮಾನಿನ ಬಿಸಿಲಿಗೆ ಬಣ್ಣ ಗಾಳಿಯಲ್ಲೇ ಒಣಗಿ
ಪುಡಿಯಾಗಿ ಬೀಳುತ್ತದೆ, ಅಂದಿದ್ದ ಲಿಗೋರಿ.

ಕಾದೆ.
ಮುದಿಹಲ್ಲಿನ ಹಳದಿಗೆ ತಿರುಗಿದ ಮಾನಿಟರು,
ಯಾವುದೋ ಸಿಮೆಂಟು ಕಂಪೆನಿಯ ಗೋದಾಮಿನದು.
ಮರಳುಕಾಗದದಲ್ಲಿ ತಿಕ್ಕುವಾಗ ನಗು:
ಈ ಊರಲ್ಲಿ ಮರಳಿಗೆ ಕಾಗದ ಬೇರೆ ಕೇಡು!
ಗಾಜಿಗೆ ಹಳೆಯ ಅರಬ್ಬಿ ಪೇಪರು ಅಂಟಿಸಿದೆ,
ತಲೆಕೆಳಗೋ ನೆಟ್ಟಗೋ ದೇವರೇ ಬಲ್ಲ.

ಡಬ್ಬಿ ಕುಲುಕಿದರೆ ಒಳಗೆ ಗೋಲಿಯ ಕಟಕಟ.
ಬೆನ್ನಿಗೆ ಮೊದಲ ಕೋಟು ಬಿದ್ದದ್ದೇ ತಡ
ಕಾಣದಿದ್ದ ಗೀರುಗಳೆದ್ದವು:
ನಿಂತದ್ದು ನಾಲ್ಕು, ಅಡ್ಡಕ್ಕೊಂದು;
ಮತ್ತೆ ನಾಲ್ಕು, ಅಡ್ಡ.
ಹೀಗೆ ಹನ್ನೊಂದು ಕಟ್ಟು.
ಹನ್ನೆರಡನೆಯದು ಮೂರಕ್ಕೇ ನಿಂತಿದೆ.

ರಜೆ ಸಿಕ್ಕಿತೋ,
ಕೆಲಸ ಹೋಯಿತೋ.

ಎರಡನೇ ಕೋಟೂ ಮುಚ್ಚಲಿಲ್ಲ.
"ಪುಟ್ಟಿ ತುಂಬು" ಅಂದ ಲಿಗೋರಿ.
ಮುಗಿದಿದೆ ಅಂದೆ,
ಕಾಲಿಂದ ಡಬ್ಬಿಯನ್ನು ಮೇಜಿನಡಿಗೆ ತಳ್ಳುತ್ತ.