ಷರಾ

ಹಾಸನದ ಮೀಸಲು ಪಡೆಯ ಶಸ್ತ್ರಾಗಾರ.
ಜನವರಿ. ಬೆಳಗಿನ ಆರೂಕಾಲು.
ಬೀಗ ತೆಗೆದರೆ ಮೊದಲು ಎದುರಾಗುವುದು ಎಣ್ಣೆಯ ವಾಸನೆ,
ಆಮೇಲೆ ಹಲ್ಲಿ.

ಮೇಜಿನ ಮೇಲೆ ಹಳೇ ಕಂಬಳಿ,
ಕಂಬಳಿಯ ಮೇಲೆ ಎರಡು ಪಿಸ್ತೂಲು, ನಡುವೆ ಒಂದು ಫಾರಂ.
ಸಾಹೇಬರು ಕೇಳಿದ್ದಾರೆ, ಮುಂದಿನ ಇಂಡೆಂಟಿಗೆ ಯಾವುದು,
ಪ್ಲಾಸ್ಟಿಕ್ ಮೈಯದೋ, ಲೋಹದ್ದೋ?
ಕೊನೆಯ ಕಾಲಂ ಷರಾ. ಅರ್ಧ ಗೇಣು ಜಾಗ.
ಕೆಳಗೆ ಶಹತಾಜ್ ಬೇಗಂ, ಆರ್ಮರರ್.
ಸಹಿ ಮಾತ್ರ ನಿನ್ನೆಯೇ ಹಾಕಿಟ್ಟಿದ್ದೇನೆ.

ಉಕ್ಕಿನದನ್ನು ಹಿಡಿದರೆ ಅಂಗೈಯ ಬಿಸಿಯನ್ನು
ಬಡ್ಡಿಸಮೇತ ವಸೂಲು ಮಾಡುತ್ತದೆ.
ತೂಕ ಕೇಜಿಗೆ ಸ್ವಲ್ಪ ಕಮ್ಮಿ,
ಕಟ್ಟಿಕೊಂಡು ಬಂದೋಬಸ್ತಿಗೆ ನಿಂತವನು
ಸಂಜೆ ಒಂದು ಕಡೆ ವಾಲಿಕೊಂಡು ಬರುತ್ತಾನೆ.
ಗುಂಡು ಹಾರುವಾಗ ಆ ತೂಕವೇ ಹೊಡೆತ ನುಂಗಿ
ಮಣಿಕಟ್ಟಿಗೆ ಒಂದು ತಳ್ಳು ಮಾತ್ರ ಉಳಿಸುತ್ತದೆ.

ಹೊಸದು ಹಗುರ. ಚಳಿಗೆ ಕೊರೆಯದು, ಬೆವರಿಗೆ ತುಕ್ಕು ಹಿಡಿಯದು.
ಹಾರಿಸಿದರೆ ಹಗ್ಗ ಬಿಚ್ಚಿದ ಕರುವಿನ ಹಾಗೆ ಮೂತಿ ಎತ್ತುತ್ತದೆ,
ಆದರೂ ಮೈ ಒಂಚೂರು ಬಳುಕಿ ತಡೆದುಕೊಳ್ಳುತ್ತದೆ.
ಹಿಡಿಯ ಹಿಂಬದಿಗೆ ಮೂರು ಅಳತೆ,
ಬಳೆ ಅಂಗಡಿಯಲ್ಲಿ ಇರುವ ಹಾಗೆ.
ಹೋದ ತಿಂಗಳು ಅರಸೀಕೆರೆಯ ಪುಟ್ಟತಾಯಮ್ಮ
ಸಣ್ಣ ಅಳತೆ ಹಾಕಿಸಿಕೊಂಡು ಹತ್ತಕ್ಕೆ ಒಂಬತ್ತು ಹೊಡೆದಳು.

ಪೆನ್ಷನ್ ಮೊಹಲ್ಲಾದಲ್ಲಿ ಅಬ್ಬಾ ಕಲಾಯಿ ಹಾಕುತ್ತಿದ್ದ.
ನವಸಾಗರದ ಹೊಗೆಗೆ ಕಣ್ಣು ಮುಚ್ಚಿ ತಿದಿ ಒತ್ತುವುದು ನನ್ನ ಕೆಲಸ.
ಹಿತ್ತಾಳೆಯ ಕೊಳದಪ್ಪಲೆ ಬಂದರೆ ಬೆರಳ ಗೆಣ್ಣಿನಿಂದ ಬಡಿದು
ಬಿರುಕು ಎಲ್ಲಿದೆ ಅಂತ ಕಿವಿಯಲ್ಲೇ ಹೇಳುತ್ತಿದ್ದ.
ಆಮೇಲೆ ಬೀದಿಗೆ ಕೆಂಪು, ನೀಲಿ ಪ್ಲಾಸ್ಟಿಕ್ ಬಿಂದಿಗೆ ಬಂದವು.
ನಮ್ಮನೆಗೂ ಬಂತು.
ಅಮ್ಮಿಯ ಸೊಂಟಕ್ಕೆ ಹಗುರ ಅಂತ ಅಬ್ಬಾನೇ ತಂದಿದ್ದು.
ತಂದವನು ಗೆಣ್ಣಿನಿಂದ ಒಮ್ಮೆ ಬಡಿದ,
ಏನೂ ಹೇಳದೆ ಮೂಲೆಗಿಟ್ಟ.

ಯಾರೂ ಇಲ್ಲದ್ದು ನೋಡಿ ನಾನೂ ಬಡಿದೆ ಈಗ.
ಹಳೆಯದು ಸಣ್ಣಗೆ ಣಿಂ ಅಂತು.
ಹೊಸದು ಡಕ್,
ಮುಚ್ಚಿದ ಬಾಗಿಲ ಆಚೆ ಯಾರೋ ಕೆಮ್ಮಿದ ಹಾಗೆ.
ಇದನ್ನೆಲ್ಲ ಷರಾದಲ್ಲಿ ಬರೆಯಲಾಗದು.

ಉಕ್ಕಿಗೆ ನೆನಪು ಜಾಸ್ತಿ.
ಒರೆಸದೆ ಇಟ್ಟರೆ, ಮುಟ್ಟಿದವನ ಹೆಬ್ಬೆಟ್ಟು
ಮೂರು ದಿನಕ್ಕೆ ಕೆಂಪಗೆ ಮೂಡುತ್ತದೆ.
ರಿಟೈರಾದ ಸೋಮೇಗೌಡರು ಇಪ್ಪತ್ತೆರಡು ವರ್ಷ ಕಟ್ಟಿದ್ದು ಇದು.
ಚರ್ಮದ ಚೀಲ ಉಜ್ಜಿ ಉಜ್ಜಿ ಮೂತಿಯ ಅಂಚು ಬೆಳ್ಳಗಾಗಿದೆ.
ಮನುಷ್ಯರ ಕಡೆಗೆ ಒಂದು ಸಲವೂ ಹಾರಿಲ್ಲ. ಪುಸ್ತಕದಲ್ಲಿದೆ.
ಪ್ಲಾಸ್ಟಿಕ್ ಮೈಗೆ ಯಾರು ಬಂದರೂ, ಯಾರು ಹೋದರೂ ಒಂದೇ.

ಆದರೆ ಅದರ ಹೊಟ್ಟೆಯಡಿ ಉಗುರಿನಷ್ಟು ತಗಡು ಕೂರಿಸಿದ್ದಾರೆ,
ನಂಬರು ಕೊರೆದಿರುವುದು ಆ ತಗಡಿನ ಮೇಲೆ.
ಹೆಸರು ಬರೆಸಿಕೊಳ್ಳುವ ಯೋಗ್ಯತೆ ಇನ್ನೂ ಲೋಹಕ್ಕೇ.
ಮತ್ತೆ, ಎರಡನ್ನೂ ಬಿಚ್ಚಿ ಕಂಬಳಿಯ ಮೇಲೆ ಹರಡಿದರೆ
ನಳಿಗೆ ಉಕ್ಕು, ಮೇಲೆ ಜಾರುವ ಪಟ್ಟಿ ಉಕ್ಕು, ಸೂಜಿ ಉಕ್ಕು.
ತಕರಾರೆಲ್ಲ ಹಿಡಿಯುವ ಕಡೆ.
ಎದುರಿಗೆ ನಿಂತವನನ್ನು ಯಾವ ಫಾರಮ್ಮೂ ಕೇಳುವುದಿಲ್ಲ.

ಏಳೂವರೆಗೆ ಕೆಂಚಪ್ಪ ಚಹಾ ತಂದ.
‘ಏನ್ ಬರೆದ್ರಿ ಮೇಡಂ?’

ಹೊಸದು ಆಗಬಹುದು. ಮಹಿಳಾ ಸಿಬ್ಬಂದಿಗೆ ಅನುಕೂಲ.
ಹಳೆಯವನ್ನು ಕರಗಿಸಲು ಕಳಿಸುವ ಮುನ್ನ

ಅಲ್ಲಿಗೆ ಜಾಗ ಮುಗಿಯಿತು.
ಹಾಳೆ ತಿರುಗಿಸಿದೆ. ಹಿಂಬದಿಯಲ್ಲಿ
ಬೂಟುಗಳ ಲೆಕ್ಕ ಅಚ್ಚಾಗಿತ್ತು, ಎಂಟರಿಂದ ಹನ್ನೊಂದರವರೆಗೆ.
ಸೋಮೇಗೌಡರದನ್ನು ಇನ್ನೊಮ್ಮೆ ಒರೆಸಿ ಒಳಗಿಟ್ಟೆ.
ಬೆರಳಿಗೆಲ್ಲ ಎಣ್ಣೆ.
ಚಹಾದ ಲೋಟಕ್ಕೂ.