ಕಿಸೆದಾಗಿನ ತೊಟ್ಟು

ಬ್ಯಾಡಗಿ ಮಾರ್ಕೆಟ್ಟಿನ್ಯಾಗ ತೂಕ ಬರಿಯಾಂವ ನಾನು.
ಇಪ್ಪತ್ತೆರಡು ವರ್ಷ ಮಂದಿ ಚೀಲ ತೂಗಿದೆ,
ನನ್ನ ಸಿಟ್ಟು ಎಷ್ಟು ಕೇಜಿ ಅಂತ
ಒಂದಿನಾನೂ ಕಾಟಾದ ಮ್ಯಾಲ ಇಟ್ಟಿರಲಿಲ್ಲ.

ಅಮಾಸಿ ಮರುದಿನ ಶುರು ಮಾಡಿದೆ:
ಪ್ಯಾಂಟಿನ ಕಿಸೆದಾಗ ಒಂದು ಹಿಡಿ ಮೆಣಸಿನಕಾಯಿ ತೊಟ್ಟು,
ಒಮ್ಮೆ ಒದರಿದರ
ಒಂದು ಅಂಗಿ ಕಿಸೆಗೆ.
ಯಾರಿಗೂ ಹೇಳಲಿಲ್ಲ.

ಮೊದಲನೇ ರಾತ್ರಿ ಹಾಸಿಗಿ ಮ್ಯಾಲ ಸುರುವಿ ಎಣಿಸಿದೆ.
ಹತ್ತೊಂಬತ್ತು.
ಹಮಾಲರಿಗೆ ನಾಕು, ಫೋನಿನ್ಯಾಗ ಎರಡು,
ಉಳಿದ ಹದಿಮೂರೂ
ಮನಿ ಹೊಸ್ತಿಲ ದಾಟಿದ ಮ್ಯಾಲಿನವು.
ಮನಿಯಾಗ ಇರೋರು ಇಬ್ಬರ.

ವಾರ ಕಳೆದ ಮ್ಯಾಲ ಇನ್ನೊಂದು ಗೊತ್ತಾತು:
ಅದು ಬರೋದು ಏಳೂವರಿಗೆ,
ಹೊಟ್ಟಿ ಹಸಿದಾಗ, ಚಪ್ಪಲಿ ಬಿಡೂ ಮುಂಚೆ.
ಈಗ ದಾರ್‍ಯಾಗ ನಿಂತು
ಒಂದು ಪ್ಲೇಟ್ ಗಿರಮಿಟ್ ತಿಂದ ಹೋಗ್ತೀನಿ.
ನಗಬ್ಯಾಡ್ರಿ,
ಐದು ತೊಟ್ಟು ಅಲ್ಲೇ ಕಡಿಮಿ ಆದುವು.

ದಾಕ್ಷಾಯಣಿ ಅಂಗಿ ಒಗಿಯೋ ಮುಂದ ಸೀನಿದಳು.
"ಏನಿದು ಕಿಸೆ ತುಂಬ?"
ಹೇಳಿದೆ.
ಸುಮ್ಮನ ಕೈ ತೊಳಕೊಂಡಳು,
ಭಾಳ ಹೊತ್ತು ತೊಳಕೊಂಡಳು.
"ನಿನ್ನೆ ಮಾತಾಡದ ತಾಟು ದೂಡಿದ್ರೆಲ್ಲ,
ಅದಕ್ಕ ಎಷ್ಟು ಹಾಕೀರಿ?"

ಲೆಕ್ಕ ಮತ್ತ ಮೊದಲಿಂದ.

ನಮ್ಮೂರ ಕಾಯಿಗೆ ಬಣ್ಣ ಭಾಳ, ಖಾರ ಕಡಿಮಿ ಅಂತಾರ.
ನಂದು ಉಲ್ಟಾ.
ಇವತ್ತು ಇಲ್ಲೀತನಕ ಆರು.
ಏಳನೇದು ಬೆರಳಿನ ಸಂದ್ಯಾಗ ಹಿಡಕೊಂಡು
ಬಾಗಿಲದಾಗ ನಿಂತೀನಿ,
ಒಳಗ ಕುಕ್ಕರ್ ಸೀಟಿ ಹೊಡಿಯಾಕತ್ತೈತಿ.