ವೊಸ್ಕಾನನ ಕೊಕ್ಕರೆ

ಗ್ಯುಮ್ರಿಯ ಏಳನೇ ತರಗತಿ. ಕಿಟಕಿ ಗಾಜಿಗೆ ಹಿಮ ಕಟ್ಟಿದೆ.
ಹೆಸರಿನ ಮೊದಲಕ್ಷರ ಸಿಂಗರಿಸಿ ತನ್ನಿ ಎಂದಿದ್ದೆ,
ಹಳೆಯ ಹಸ್ತಪ್ರತಿಗಳಂತೆ, ಗೆರೆಗೆರೆಯೂ ಹಕ್ಕಿ.

ವೊಸ್ಕಾನನದು ನಮ್ಮ ಲಿಪಿಯಲ್ಲೇ ಸುಲಭದ ಅಕ್ಷರ:
ಬೋರಲು ಹಾಕಿದ ಲಾಳ.
ಎರಡು ಕೊಕ್ಕರೆ ಎದುರುಬದುರು ನಿಂತು
ಕತ್ತು ಬಾಗಿಸಿದರೆ ಮುಗಿಯಿತು.

ಅವನೋ ರಬ್ಬರಿನಿಂದ ಉಜ್ಜಿ ಉಜ್ಜಿ
ಹಾಳೆ ತೂತು ಮಾಡಿಕೊಂಡಿದ್ದ.
ಎಡಗಡೆಯದಕ್ಕೆ ರೆಕ್ಕೆ, ಗರಿ, ಕೊಕ್ಕಿನಲ್ಲಿ ಮೀನು;
ಮೀನಿಗೆ ಅಡುಗೆಮನೆಯಿಂದ ಕದ್ದ ದಾಳಿಂಬೆ ರಸ,
ಆಗಲೇ ಕಂದು ತಿರುಗಿತ್ತು.
ಬಲಗಡೆಯದು ಬರೀ ಪೆನ್ಸಿಲ್ ಗೆರೆ.

"ಇದೇಕೋ ಅರ್ಧ?"
"ಹಾರಿಹೋಯ್ತು, ಅರ್ಪೆನಿಕ್ ಟೀಚರ್."
ತರಗತಿ ಗೊಳ್ಳೆಂದಿತು.

ಸ್ಕೇಲು ಹಿಡಿದು ಹೇಳುವುದಿತ್ತು ನನಗೆ:
ಎರಡು ಕಾಲಿಗೂ ಒಂದೇ ದಪ್ಪ,
ದೂರದಿಂದಲೂ ಓದಿಸಿಕೊಳ್ಳಬೇಕು ಅಕ್ಷರ.
ಹಾಳೆಯನ್ನು ಹಲಗೆಗೆ ಸಿಕ್ಕಿಸಿ
ಕೊನೆಯ ಬೆಂಚಿಗೆ ಹೋಗಿ ನಿಂತೆ.

ಅಲ್ಲಿಂದ ಪೆನ್ಸಿಲ್ ಗೆರೆ ಕಾಣಲೇ ಇಲ್ಲ.
ಒಂಟಿ ಕೊಕ್ಕರೆ, ಮೀನು ಕಚ್ಚಿಕೊಂಡು,
ಏನೂ ಇಲ್ಲದ ಕಡೆಗೆ ಕತ್ತು ಬಾಗಿಸಿತ್ತು.
ಆದರೂ ತುಟಿ ತಾನಾಗಿ ದುಂಡಾಯಿತು:
ವೊ.

ಹತ್ತಕ್ಕೆ ಏಳು ಹಾಕಿದೆ.
ಆ ಏಳನ್ನು ಮಾತ್ರ
ಎರಡು ಸಲ ತಿದ್ದಿ ಬರೆದೆ.